ಋತುವಿಗೆ ತಕ್ಕ ಪಥ್ಯ

ಅತ್ತೆ ತುಂಗಮ್ಮನನ್ನು ಮನೆಯಿಂದ ಸಾಗಹಾಕಲು ಮಂದಾಕಿನಿ ಹೂಡಿದ ಉಪಾಯವೇ ಪಥ್ಯ. ಆಯಾ ಕಾಲದಲ್ಲಿ ಬೆಳೆದದ್ದನ್ನು ಮಾತ್ರ ತಿಂದರೆ ಆರೋಗ್ಯ ಎಂದು ಸಾರಿ, ಅತ್ತೆಯ ಕಾಫಿ, ಹಪ್ಪಳ, ಉಪ್ಪಿನಕಾಯಿ ಎಲ್ಲವನ್ನೂ ಒಂದೇ ದಿನ ನಿಲ್ಲಿಸಿದಳು. ಬೇಸಿಗೆಯಿಡೀ ರಾಗಿ ಅಂಬಲಿ ಮತ್ತು ಬೇಯಿಸಿದ ಬೂದುಗುಂಬಳ. ಮಳೆ ಹಿಡಿದ ಮೇಲೆ ನವಣೆ ಅನ್ನ, ಹುರುಳಿಕಟ್ಟಿನ ಸಾರು. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಇಲ್ಲ.

"ಇದು ದನ ತಿನ್ನೋದು ಕಣೇ!" ಎಂದು ತುಂಗಮ್ಮ ತಟ್ಟೆ ತಳ್ಳಿದರು.

"ಬೇಡದಿದ್ರೆ ನಿಮ್ಮ ಮಗಳು ಪದ್ಮಜನ ಮನೆಗೆ ಹೋಗಿ. ಯಾರು ಕಟ್ಟಿ ಹಾಕಿದಾರೆ?"

ತುಂಗಮ್ಮ ಸೊಸೆಯನ್ನು ಸುಡುವಂತೆ ನೋಡಿ, ತಟ್ಟೆಯನ್ನು ಮತ್ತೆ ಎಳೆದುಕೊಂಡು ಹಟಕ್ಕೆ ಉಂಡರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಂದಾಕಿನಿ ನೋಡುತ್ತಾಳೆ, ಅತ್ತೆ ತಮ್ಮ ಬೀರುವಿನ ಸೀರೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಹಾಕುತ್ತಿದ್ದಾರೆ. ಅವಳಿಗೆ ಸಂತೋಷ ಅದುಮಿಟ್ಟುಕೊಳ್ಳಲಾಗಲಿಲ್ಲ.

"ಹೊರಟ್ರಾ ಅತ್ತೆ?"

"ನಾನ್ಯಾಕೆ ಹೋಗ್ಲಿ? ಮಂಡಿನೋವು ಹೋಯ್ತು, ಡಾಕ್ಟ್ರು ಸಕ್ಕರೆ ಕಾಯಿಲೆ ಮಾತ್ರೆನೂ ಕಮ್ಮಿ ಮಾಡಿದ್ರು," ಎಂದರು ತುಂಗಮ್ಮ, ಖಾಲಿಯಾದ ಅರೆಯನ್ನು ಒರೆಸುತ್ತ. "ನಮ್ಮ ಪದ್ಮಜಂಗೂ ಶುಗರ್ ಅಂತೆ. ನಿನ್ನ ಕೈಯಡುಗೆ ಉಣ್ಣೋಕೆ ಸಂಜೆ ಗಂಟುಮೂಟೆ ಸಮೇತ ಬರ್ತಿದಾಳೆ."