ಜಿರಲೆತಲೆಯ ಗಂಡು

ಜಿರಲೆ ಕೊಂದು ನೋಡು, ಮದುವೆಯಾಗಿ ನೋಡು ಅಂತಾರೆ. ಮೀಸೆಯಾಣೆ, ಇದು ನಡೆದದ್ದೇ.

ನಮ್ಮ ಕಡೆ ಜಿರಲೆ ಬೇಟೆಯಾಡದವನಿಗೆ ಹೆಣ್ಣಿಲ್ಲವೆಂದು ಗೆಳೆಯ ಚೆಲುವರಾಜು, ನನ್ನನ್ನೂ ಕರೆದುಕೊಂಡು, ಹೊಟ್ಟು ತುಂಬಿಸಿದ ಜಿರಲೆತಲೆಯೊಂದಿಗೇ ಹೆಣ್ಣು ನೋಡಲು ಬಂದಿದ್ದ. ಎಮ್ಮೆತಲೆಯಷ್ಟು ದೊಡ್ಡದು, ಹೊಲಿಗೆಯಲ್ಲಿ ಇನ್ನೂ ಬಿಳಿರಸ ಜಿನುಗುತ್ತಿತ್ತು. ಹುಡುಗಿಯ ಅಪ್ಪ ಅದನ್ನು ಗೋಡೆಗೆ ಹಾಕಿಸಿದರು. ಅಲ್ಲಿ ಅವರೇ ಹೊಡೆದ ತಲೆಗಳ ಸಾಲು. ಅವುಗಳ ಮೀಸೆಗಳು ಉದುರಿ ಉಪ್ಪಿಟ್ಟಿಗೆ ಬೀಳುತ್ತಿದ್ದವು.

ನಾನು ತಮಾಷೆಗೆ ಮೆಲ್ಲಗೆ ಜಿರಲೆಯ ದನಿ ತೆಗೆದೆ: "ಚರ್‌... ಚರ್‌..."

ಚೆಲುವ ಚಂಗನೆ ನೆಗೆದು ಹುಡುಗಿ ಸರ್ವಮಂಗಳೆಯ ಬೆನ್ನ ಹಿಂದೆ ಅಡಗಿದ.

"ನಿಜ ಹೇಳಿ, ನೀವೇ ಹೊಡೆದ್ರಾ?" ಎಂದಳು ಸರ್ವಮಂಗಳೆ.

"ಇಲ್ಲಾರೀ, ಹೊಟ್ಟು ತುಂಬೋರ ಹತ್ರಾನೇ ಕೊಂಡಿದ್ದು. ನಂಗೆ ಜಿರಲೆ ಅಂದ್ರೆ ವಾಕರಿಕೆ."

"ಸದ್ಯ! ಅಪ್ಪಾ, ಇವರೇ ಆಗ್ಲಿ. ಇನ್ನೊಬ್ಬ ಬೇಟೆಗಾರನ ನಾತ ನಂಗೆ ಬೇಡ."

ಅಪ್ಪನ ಮುಖ ನೋಡಿ ನಾವೆಲ್ಲ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ಚೆಲುವರಾಜು, ಅವಳ ಬೆನ್ನ ಹಿಂದಿನಿಂದಲೇ.