ಅತ್ತೆಯ ಓರೆ ಹೊಲಿಗೆ

ಚೀಲದ ಅಸ್ತರಿನ ಹೊಲಿಗೆ ಅವಳದಲ್ಲ.

ಮರಳಿನ ಮೇಲೆ ಕೂತು ಟವೆಲ್ ತೆಗೆಯುವಾಗ ಬೆರಳಿಗೆ ತಾಗಿತು. ಅವಳ ಹೊಲಿಗೆ ನೇರ, ಒತ್ತೊತ್ತಾದದ್ದು. ಇದು ಓರೆ, ಅತ್ತೆಯದು. ಅಸ್ತರಿನೊಳಗೆ ಒಂದು ಬೀಗದ ಕೈ ಬಚ್ಚಿಟ್ಟಿದ್ದಳು. ದೂರದ ಊರಿನಲ್ಲಿ ಅವಳಿಗೆಂದೇ ಕೋಣೆ ಹಿಡಿದಿದ್ದ ತಂಗಿ, ಗುಂಡಿಗಳ ಪೊಟ್ಟಣದಲ್ಲಿ ಹುದುಗಿಸಿ ಕಳಿಸಿದ್ದು. ಒತ್ತಿ ನೋಡಿದಳು. ಬೀಗದ ಕೈ ಅಲ್ಲೇ ಇತ್ತು. ಅಂದರೆ ಅತ್ತೆ ಬಿಚ್ಚಿದ್ದಾರೆ, ಕಂಡಿದ್ದಾರೆ, ಏನೂ ಅರಿಯದವರಂತೆ ಮತ್ತೆ ಹೊಲಿದಿಟ್ಟಿದ್ದಾರೆ.

ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಗಂಡ ಅಲೆಗೊಮ್ಮೆ ಹಿಂತಿರುಗಿ ನೋಡುತ್ತಿದ್ದ. ಅವನದು ದರ್ಜಿ ಅಂಗಡಿ. ಬೆಳಿಗ್ಗೆ ಬಟ್ಟೆ ಕತ್ತರಿಸಿ ಕೊಟ್ಟು, ಮನೆಗೆ ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ. ಅತ್ತೆ, ಸೊಸೆ ಕತ್ತಲಾಗುವವರೆಗೆ ಹೊಲಿಯುತ್ತಾರೆ. “ಬೀಗ ಕಳ್ಳರಿಗೆ ಕಣೇ” ಎನ್ನುತ್ತಾನೆ. ಎದುರಾಡಿದರೆ ಕೈ ಎತ್ತುತ್ತಾನೆ. ಮದುವೆಯಾದ ಮೇಲೆ ಮನೆಯವರೆಲ್ಲ ಹೊರಬಿದ್ದದ್ದು ಇದೇ ಮೊದಲು, ಅದೂ ಅತ್ತೆ ಸಮುದ್ರ ನೋಡಲೇಬೇಕೆಂದು ಹಟ ಹಿಡಿದದ್ದಕ್ಕೆ.

ಇಲ್ಲಿ ಯಾರಿಗೂ ಅವಸರವಿಲ್ಲ. ಜನ ಬರಿಗಾಲಿನಲ್ಲಿ ಐಸ್‌ಕ್ರೀಂ ಚೀಪುತ್ತ ಅಡ್ಡಾಡುತ್ತಿದ್ದರು. ನಾಯಿಗಳು ನಡುರಸ್ತೆಯಲ್ಲೇ ಕಾಲು ಚಾಚಿದ್ದವು. ಬೀದಿಯ ತುದಿಯಲ್ಲಿ, ಕೋಣೆಯಿರುವ ಊರಿಗೆ ಹೋಗುವ ಬಸ್ಸು ನಿಂತಿತ್ತು. ಅದನ್ನೇ ನಂಬಿ ಬಂದಿದ್ದಳು. ಈಗ ಅದರತ್ತ ನೋಡದೆ ಚೀಲದ ಬಾಯಿ ಮುಚ್ಚಿದಳು.

“ಅಮ್ಮಾ, ಇವಳ ಮೇಲೆ ಒಂದು ಕಣ್ಣಿರಲಿ!” ಗಂಡ ಕೂಗಿದ.

“ಇಷ್ಟು ವರ್ಷ ನೋಡ್ತಾನೇ ಇದ್ದೀನಲ್ಲಪ್ಪ” ಎಂದರು ಪಕ್ಕದಲ್ಲೇ ಕೂತಿದ್ದ ಅತ್ತೆ. “ನೀನು ಆರಾಮಾಗಿ ಈಜು. ನಾವು ಬಟ್ಟೆ ಬದಲಾಯಿಸಿ ಬರ್ತೀವಿ.”

ಅಮ್ಮ ಜೊತೆಗಿದ್ದ ಮೇಲೆ ಇನ್ನೇನು. ಅವನು ನಿಶ್ಚಿಂತೆಯಿಂದ ಆಳಕ್ಕೆ ಇಳಿದ.

ಅತ್ತೆ ಚೀಲವನ್ನು ಹೆಗಲಿಗೇರಿಸಿ ಅವಳ ಮಣಿಕಟ್ಟು ಹಿಡಿದರು. ಜೀವಮಾನವಿಡೀ ಕತ್ತರಿ ಹಿಡಿದ ಕೈ, ಸಡಿಲವಾಗುವ ಮಾತೇ ಇಲ್ಲ. ಬಟ್ಟೆ ಬದಲಾಯಿಸುವ ಕೋಣೆ ಹಿಂದೆ ಉಳಿಯಿತು. ಅತ್ತೆ ನಿಲ್ಲಲಿಲ್ಲ.

“ಫೋನಲ್ಲಿ ತಂಗಿ ಹತ್ರ ಪಿಸಪಿಸ ಅಂದಿದ್ದೆಲ್ಲ ಕೇಳಿಸ್ಕೊಂಡಿದ್ದೀನಿ.”

“ಅತ್ತೆ, ಅವರಿಗೆ ಹೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಬೀಳೋದೆಲ್ಲ ಆಮೇಲೆ. ಈಗ ನಡಿ.”

ಬಸ್ಸಿನ ಪಕ್ಕಕ್ಕೆ ಬಂದರು. ಚಾಲಕ ಆಗಲೇ ಎಂಜಿನ್ ಶುರು ಮಾಡಿದ್ದ. ಕೈ ಕೊಸರಿಕೊಂಡು ಹತ್ತಿಬಿಡಲೇ ಎನ್ನಿಸಿತು. ಕೊಸರಿದಳು, ಹಿಡಿತ ಇನ್ನೂ ಬಿಗಿಯಾಯಿತು. ಎಲ್ಲ ಮುಗಿಯಿತು ಅಂದುಕೊಂಡಳು. ಅತ್ತೆ ಒಮ್ಮೆ ಸಮುದ್ರದ ಕಡೆ ತಿರುಗಿ ನೋಡಿದರು.

“ಆ ಕೋಣೇಲಿ ಇಬ್ಬರು ಮಲಗೋವಷ್ಟು ಜಾಗ ಇದೆಯೇನೇ?”