ಅಳಿಲು ತಾತನ ಸಹಿ

ಮಕ್ಕಳ ಕತೆಗಳಿಂದ ನಾಡಿಗೆಲ್ಲ ‘ಅಳಿಲು ತಾತ’ ಎನಿಸಿದ್ದ ಮಾವ ತೀರಿಕೊಂಡು ವರ್ಷವಾದರೂ ಮಕ್ಕಳ ಕಾಗದಗಳು ನಿಂತಿರಲಿಲ್ಲ. ಚಿಕ್ಕವಳಿದ್ದಾಗ ಅವರಿಂದ ತನಗೆ ಬಂದಿದ್ದ ಕಾರ್ಡನ್ನು ಮುಂದಿಟ್ಟುಕೊಂಡು ಪ್ರಮೀಳಾ ಆ ಅಕ್ಷರವನ್ನೇ ತಿದ್ದಿ ಕಲಿತಳು. ಸಹಿಯ ಪಕ್ಕ ಪುಟ್ಟ ಅಳಿಲು ಬಿಡಿಸಿ, ಕದ್ದುಮುಚ್ಚಿ ಉತ್ತರ ಬರೆಯತೊಡಗಿದಳು. ಮಾವನ ಪೆನ್ನನ್ನು ಯಾರಿಗೂ ಮುಟ್ಟಗೊಡದ ಅತ್ತೆಯ ಕೈಗೆ ಇವತ್ತು ಅವಳು ಬರೆದ ಒಂದು ಕಾರ್ಡು ಸಿಕ್ಕಿಬಿಟ್ಟಿತು.

“ಏನೇ ಇದು?”

“ತಪ್ಪಾಯ್ತು ಅತ್ತೆ. ಮಕ್ಕಳು ಕಾಯ್ತಿರ್ತಾವಲ್ಲ ಅಂತ... ಥೇಟ್ ಮಾವನವರದ್ದೇ ಅಕ್ಷರ, ಯಾರಿಗೂ ಗೊತ್ತಾಗಲ್ಲ.”

“ಅಳಿಲಿನ ಬೆನ್ನಿಗೆ ಎರಡೇ ಗೆರೆ ಎಳೆದಿದ್ದೀಯಲ್ಲೇ, ಪೆದ್ದಿ!”

ಅತ್ತೆ ಕನ್ನಡಕ ಏರಿಸಿದರು. ಮಾವನ ಪೆನ್ನು ತೆಗೆದು ಸಲೀಸಾಗಿ ಮೂರನೆಯ ಗೆರೆ ಎಳೆದರು.

“ನಿಮ್ಮ ಮಾವನಿಗೆ ಕತೆ ಬರೆಯೋಕೇ ಪುರುಸೊತ್ತು ಸಾಲ್ತಿರಲಿಲ್ಲ, ಇನ್ನು ಕಾಗದಕ್ಕೆಲ್ಲಿ? ಆವತ್ತು ನಿಂಗೆ ಉತ್ತರ ಬರೆದವಳೂ ನಾನೇ ಕಣೇ.”